ಬೆಕ್ಕು ಟರ್ಪೆಂಟೈನ್ ನೆಕ್ಕಿದರೆ ವಾಂತಿ ಮಾಡಿಸಬಹುದೇ?

ಪ್ರಶ್ನೆ: ಮನೆಗೆ ಪೇಂಟ್ ಮಾಡಿಸುತ್ತಿದ್ದೇವೆ. ಬ್ರಷ್ ನೆನೆಹಾಕಿದ್ದ ಟರ್ಪೆಂಟೈನ್ ಡಬ್ಬಿಯನ್ನು ಬೆಕ್ಕು ಉರುಳಿಸಿ ಮೈ ಒದ್ದೆ ಮಾಡಿಕೊಂಡಿದೆ, ಸ್ವಲ್ಪ ನೆಕ್ಕಿದೆ ಕೂಡ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ?

ಉತ್ತರ: ಖಂಡಿತ ಬೇಡ. ಟರ್ಪೆಂಟೈನ್, ಥಿನ್ನರ್, ಸೀಮೆಎಣ್ಣೆ, ಪೆಟ್ರೋಲ್ ತೀರಾ ತೆಳುವಾಗಿ ಹರಡುವ ದ್ರವಗಳು. ವಾಂತಿಯಾಗುವಾಗ ಸ್ವಲ್ಪವೇ ಶ್ವಾಸನಾಳಕ್ಕೆ ಜಾರಿದರೂ ಶ್ವಾಸಕೋಶದ ಒಳಪದರ ಸುಟ್ಟಂತಾಗಿ ನ್ಯುಮೋನಿಯಾ ಬರುತ್ತದೆ. ಹೊಟ್ಟೆಗೆ ಹೋದದ್ದಕ್ಕಿಂತ ಇದೇ ಹೆಚ್ಚು ಅಪಾಯ. ಉಪ್ಪುನೀರಂತೂ ತಾನೇ ಇನ್ನೊಂದು ವಿಷ. ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು.

ಮೊದಲು ನೆಕ್ಕುವುದನ್ನು ನಿಲ್ಲಿಸಿ. ಮೈಗೆ ಟವೆಲ್ ಸುತ್ತಿ ತಲೆ ಮಾತ್ರ ಹೊರಗಿಡಿ, ಕಿಟಕಿ ತೆರೆದಿರುವ ಕೋಣೆಗೆ ಒಯ್ಯಿರಿ. ಕೈಗೆ ಗ್ಲೌಸ್ ಹಾಕಿಕೊಂಡು ಒಣ ಬಟ್ಟೆಯಲ್ಲಿ ಒತ್ತಿ ಒತ್ತಿ ಹೀರಿಸಿ. ಉಜ್ಜಿದರೆ ಚರ್ಮಕ್ಕೆ ಇನ್ನಷ್ಟು ಇಳಿಯುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ವಾಸನೆ ಹೋಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಬೆರಳುಗಳ ಸಂದು ಮರೆಯಬೇಡಿ, ಬೆಕ್ಕು ಮೊದಲು ನೆಕ್ಕುವುದು ಅಲ್ಲೇ. ಪೇಂಟ್ ಅಂಟಿದ್ದರೆ ಅಡುಗೆ ಎಣ್ಣೆ ಹಚ್ಚಿ ಸಡಿಲಿಸಿ ಸೋಪಿನಿಂದ ತೆಗೆಯಿರಿ. ಪೇಂಟ್ ಬಿಡಿಸಲು ಮತ್ತೆ ಥಿನ್ನರ್ ಹಚ್ಚುವವರಿದ್ದಾರೆ, ಅದು ಎಲ್ಲಕ್ಕಿಂತ ಕೆಟ್ಟ ತಪ್ಪು.

ತೊಳೆದ ಕೂಡಲೇ ಡಬ್ಬಿಯ ಲೇಬಲ್‌ನ ಫೋಟೋ ಸಹಿತ ಪಶುವೈದ್ಯರ ಬಳಿ ಹೋಗಿ. ಕೆಮ್ಮು, ಜೊಲ್ಲು, ತೂರಾಡುವಿಕೆ, ಬಾಯಿ ತೆರೆದು ಉಸಿರಾಡುವುದು ಕಂಡರೆ ತೊಳೆಯುತ್ತ ಕೂರದೆ ಹೊರಡಿ. ಈಗ ಚೆನ್ನಾಗಿ ಕಂಡರೂ ಒಂದು ದಿನವಾದರೂ ಕಣ್ಣಿಟ್ಟಿರಿ. ಮಲಗಿದಾಗ ಎದೆಯ ಏರಿಳಿತ ಎಣಿಸಿ: ನಿಮಿಷಕ್ಕೆ 30ರೊಳಗಿರಬೇಕು, 40 ದಾಟಿದರೆ ತಡಮಾಡಬೇಡಿ.

ಪೇಂಟ್ ಕೆಲಸ ಮುಗಿಯುವವರೆಗೆ ಪ್ರಾಣಿಗಳು ಬೇರೆ ಕೋಣೆಯಲ್ಲಿರಲಿ. ಈ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ನಾಯಿ ಬೆಕ್ಕಿನ ಮೂಗು ಇರುವುದೂ ಅಲ್ಲೇ. ಬ್ರಷ್ ನೆನೆಸಲು ಬಿಗಿ ಮುಚ್ಚಳದ ಡಬ್ಬಿ ಬಳಸಿ, ಒರೆಸಿದ ಬಟ್ಟೆಯನ್ನು ಆಗಲೇ ಹೊರಗೆ ಹಾಕಿ. ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿ ಸಾಯಲೆಂದು ನಾಯಿಗೆ ಸೀಮೆಎಣ್ಣೆ ಹಚ್ಚುವ ರೂಢಿ ಇನ್ನೂ ಇದೆ, ದಯವಿಟ್ಟು ಬಿಡಿ.

ಕಾರಿನ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಮಾತೇ ಬೇರೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ. ಒಂದೆರಡು ಟೀ ಚಮಚ ಬೆಕ್ಕಿನ ಕಿಡ್ನಿ ಕೆಡಿಸಲು ಸಾಕು. ಬೆಕ್ಕಿಗೆ ಪ್ರತಿವಿಷ ಕೆಲಸ ಮಾಡುವುದು ಸುಮಾರು 3 ಗಂಟೆಯೊಳಗೆ ಕೊಟ್ಟರೆ ಮಾತ್ರ. ಲಕ್ಷಣಕ್ಕಾಗಿ ಕಾಯದೆ ನೆಕ್ಕಿದ್ದು ಗೊತ್ತಾದ ಕೂಡಲೇ ಓಡಿ.