ಪದ ಪರಿಚಯ: ಸಂಯೋಜಕ-ಕಂಡಕ್ಟರ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕೃತಿಯನ್ನು ಬರೆಯುವವರು ಸಂಯೋಜಕರು; ವಾದ್ಯವೃಂದದ ಮುಂದೆ ನಿಂತು ಅದನ್ನು ನುಡಿಸುವಂತೆ ವಾದಕರನ್ನು ನಡೆಸುವವರು ಕಂಡಕ್ಟರ್. ಎಲ್ಲ ವಾದ್ಯಗಳ ಸ್ವರಗಳನ್ನೂ ಒಂದರ ಕೆಳಗೊಂದು ಬರೆದಿರುವ ಸ್ಕೋರ್ ಕಂಡಕ್ಟರ್ ಎದುರಿಗಿರುತ್ತದೆ. ಕಾಲಪ್ರಮಾಣವನ್ನು ನಿಶ್ಚಯಿಸುವುದು, ಯಾವ ವಾದ್ಯ ಎಲ್ಲಿ ಸೇರಬೇಕು, ಎಷ್ಟು ತಗ್ಗಬೇಕು ಎಂದು ಸೂಚಿಸುವುದು ಅವರ ಹೊಣೆ. ಕಚೇರಿಯ ದಿನ ನಮಗೆ ಕಾಣುವುದು ಕೈಸನ್ನೆ ಮಾತ್ರ. ಕೆಲಸದ ಬಹುಪಾಲು ಅದಕ್ಕೂ ಮುಂಚಿನ ತಾಲೀಮಿನಲ್ಲೇ ಮುಗಿದಿರುತ್ತದೆ.

ಈ ಎರಡೂ ಹೊಣೆಗಳನ್ನು ಹೊತ್ತವರನ್ನು ಸಂಯೋಜಕ-ಕಂಡಕ್ಟರ್ ಎನ್ನುತ್ತಾರೆ. ಮೆಂಡೆಲ್ಸನ್, ಬೆರ್ಲಿಯೋಜ್, ವಾಗ್ನರ್, ರಿಚರ್ಡ್ ಸ್ಟ್ರೌಸ್ ಈ ಸಾಲಿಗೆ ಸೇರಿದವರು. ಆದರೆ ಒಂದು ಕೆಲಸ ಇನ್ನೊಂದರ ಒಳಹೊಕ್ಕು ಅದನ್ನು ಹೇಗೆ ತಿದ್ದುತ್ತದೆ ಎಂಬುದನ್ನು ತಿಳಿಯಲು ಗುಸ್ತಾಫ್ ಮಾಲರ್ ಅವರ ಬದುಕಿಗಿಂತ ಒಳ್ಳೆಯ ನಿದರ್ಶನ ನನಗೆ ಕಾಣುವುದಿಲ್ಲ.

1860ರಲ್ಲಿ ಬೊಹೀಮಿಯಾದ ಕಲಿಶ್ಟೆ ಎಂಬ ಹಳ್ಳಿಯ ಯಹೂದಿ ಮನೆತನದಲ್ಲಿ ಹುಟ್ಟಿದ ಮಾಲರ್, ಹದಿನೈದರ ವಯಸ್ಸಿಗೆ ವಿಯೆನ್ನಾದ ಸಂಗೀತ ಶಾಲೆಯನ್ನು ಸೇರಿದರು. ಕಂಡಕ್ಟರ್ ವೃತ್ತಿ ಆರಂಭವಾದದ್ದು 1880ರಲ್ಲಿ, ಬಾಡ್ ಹಾಲ್ ಎಂಬ ಊರಿನ ಸಣ್ಣ ರಂಗಮಂದಿರದಲ್ಲಿ. ಅಲ್ಲಿಂದ ಮುಂದೆ ಕಾಸೆಲ್, ಪ್ರಾಗ್, ಲೈಪ್‌ಜಿಗ್, ಬುಡಾಪೆಸ್ಟ್, ಹ್ಯಾಂಬರ್ಗ್ ಎಂದು ಊರಿಂದೂರಿಗೆ ಮೇಲೇರಿ 1897ರಲ್ಲಿ ವಿಯೆನ್ನಾದ ಆಸ್ಥಾನ ಒಪೆರಾ (ಸಂಗೀತ ನಾಟಕ) ಸಂಸ್ಥೆಯನ್ನು ಸೇರಿ, ಅದೇ ವರ್ಷ ಅದರ ನಿರ್ದೇಶಕರಾದರು. ಯಹೂದಿಗೆ ಆ ಪದವಿ ದಕ್ಕುವಂತಿರಲಿಲ್ಲವಾದ್ದರಿಂದ ಆ ವರ್ಷದ ಫೆಬ್ರವರಿಯಲ್ಲಿ ಕ್ಯಾಥೊಲಿಕ್ ದೀಕ್ಷೆ ಪಡೆದಿದ್ದರು. ಹತ್ತು ವರ್ಷ ಆ ಸಂಸ್ಥೆಯನ್ನು ನಡೆಸಿದ ಮೇಲೆ ನ್ಯೂಯಾರ್ಕಿಗೆ ಹೋದರು.

ಒಪೆರಾ ನಡೆಯುವ ತಿಂಗಳುಗಳಲ್ಲಿ ಹೊಸದನ್ನು ಬರೆಯಲು ಅವರಿಗೆ ಬಿಡುವೇ ಇರುತ್ತಿರಲಿಲ್ಲ. ಹಾಗಾಗಿ ಬೇಸಿಗೆಯ ರಜೆಯಲ್ಲಿ ಸರೋವರದ ದಡದ ಊರುಗಳಿಗೆ ಹೋಗಿ, ಬರವಣಿಗೆಗೆಂದೇ ಕಟ್ಟಿಸಿದ ಒಂಟಿ ಕೋಣೆಯ ಗುಡಿಸಲಿನಲ್ಲಿ ಸಿಂಫೊನಿಗಳನ್ನು, ಎಂದರೆ ವಾದ್ಯವೃಂದಕ್ಕಾಗಿ ಹಲವು ಭಾಗಗಳಲ್ಲಿ ಹೆಣೆದ ದೀರ್ಘ ಕೃತಿಗಳನ್ನು, ಬರೆದರು. ಅಟರ್‌ಸೇ ಸರೋವರದ ದಡದ ಸ್ಟೈನ್‌ಬಾಖ್‌ನಲ್ಲಿ ಅಂಥದೊಂದು ಗುಡಿಸಲು ಇಂದಿಗೂ ಇದೆ.

ಸ್ವರಗಳನ್ನು ಬರೆದು ಪ್ರಕಾಶಕರಿಗೆ ಕೊಟ್ಟ ಮಾತ್ರಕ್ಕೆ ಕೃತಿ ಮುಗಿಯಿತೆಂದು ಮಾಲರ್ ಎಂದೂ ಭಾವಿಸಲಿಲ್ಲ. ಅವರ ಸ್ಕೋರ್ ತೆರೆದರೆ ಸ್ವರಗಳ ನಡುನಡುವೆ ಕಂಡಕ್ಟರ್‌ಗೆ ಹೇಳಿದ ಮಾತುಗಳು ತುಂಬಿರುತ್ತವೆ: ಇಲ್ಲಿ ಅವಸರ ಬೇಡ, ಇಲ್ಲಿ ಎಳೆಯಬೇಡಿ ಎಂದು. ಎರಡನೆಯ ಸಿಂಫೊನಿಯ ಮೊದಲ ಭಾಗ ಮುಗಿದ ಮೇಲೆ ಕನಿಷ್ಠ 5 ನಿಮಿಷ ನಿಲ್ಲಿಸಬೇಕೆಂದು ಬರೆದಿದ್ದಾರೆ. ಆರನೆಯ ಸಿಂಫೊನಿಯಲ್ಲಿ ಸುತ್ತಿಗೆಯ ಪೆಟ್ಟು ಬರುತ್ತದೆ. ಅದು ಗಟ್ಟಿಯಾಗಿದ್ದರೂ ಲೋಹದ ನಾದ ಬರಕೂಡದು, ಕೊಡಲಿಯ ಏಟಿನಂತೆ ಮಂದವಾಗಿ ಕೇಳಬೇಕು ಎಂಬುದು ಅವರ ಸೂಚನೆ. ತಾಲೀಮಿನಲ್ಲಿ ನಿಂತು ಸದ್ದನ್ನು ಕಿವಿಯಾರೆ ತೂಗಿ ನೋಡಿದವರಷ್ಟೇ ಹೀಗೆ ಬರೆಯಬಲ್ಲರು.

ಆ ಸಿಂಫೊನಿ ಮೊದಲು ಕೇಳಿಬಂದದ್ದು 1906ರ ಮೇ 27ರಂದು, ಜರ್ಮನಿಯ ಎಸೆನ್ ನಗರದಲ್ಲಿ. ಸ್ಕೋರ್ ಅಷ್ಟರಲ್ಲಾಗಲೇ ಅಚ್ಚಾಗಿತ್ತು. ಆದರೂ ತಾಲೀಮಿನ ವೇಳೆ ಮಾಲರ್ ನಡುವಿನ ಎರಡು ಭಾಗಗಳ ಕ್ರಮವನ್ನು ಅದಲುಬದಲು ಮಾಡಿದರು. ಸುತ್ತಿಗೆಯ ಮೂರು ಪೆಟ್ಟುಗಳಲ್ಲಿ ಕೊನೆಯದನ್ನೂ ಆಮೇಲೆ ತೆಗೆದುಹಾಕಿದರು. 1963ರ ಪರಿಷ್ಕೃತ ಮುದ್ರಣ ಹಳೆಯ ಕ್ರಮಕ್ಕೇ ಮರಳಿದರೆ, 2003ರಲ್ಲಿ ಅಂತರರಾಷ್ಟ್ರೀಯ ಮಾಲರ್ ಸಂಘ ಎಸೆನ್‌ನ ಕ್ರಮವೇ ಸರಿ ಎಂದಿತು. ಇಂದಿಗೂ ಪ್ರತಿಯೊಬ್ಬ ಕಂಡಕ್ಟರ್ ತಮಗೆ ಒಪ್ಪಿದ ಕ್ರಮವನ್ನು ಆರಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಎಸೆನ್‌ನ ಕ್ರಮಕ್ಕೇ ಹೆಚ್ಚು ಬೆಲೆ, ಏಕೆಂದರೆ ಅದು ವಾದ್ಯವೃಂದದ ಮುಂದೆ ನಿಂತು ಮಾಡಿದ ನಿರ್ಧಾರ. ಐದನೆಯ ಸಿಂಫೊನಿಯನ್ನಂತೂ 1904ರ ಮೊದಲ ಪ್ರದರ್ಶನದಿಂದ 1911ರವರೆಗೆ, ಎಂದರೆ ಸಾಯುವ ವರ್ಷದವರೆಗೆ, ತಿದ್ದುತ್ತಲೇ ಇದ್ದರು.

ಇದೇ ಕಣ್ಣಿನಿಂದ ಅವರು ಇತರರ ಕೃತಿಗಳನ್ನೂ ನೋಡಿದರು. 1900ರಲ್ಲಿ ಬೀಥೋವನ್‌ರ ಒಂಬತ್ತನೆಯ ಸಿಂಫೊನಿಯನ್ನು ವಿಯೆನ್ನಾದಲ್ಲಿ ನುಡಿಸುವಾಗ ಗಾಳಿವಾದ್ಯಗಳನ್ನು ಹೆಚ್ಚಿಸಿ, ಅಲ್ಲಲ್ಲಿ ವಾದ್ಯ ಸಂಯೋಜನೆಯನ್ನು ಬದಲಿಸಿದರು. ವಿಮರ್ಶಕರು ಕೆರಳಿದಾಗ ಕರಪತ್ರ ಹಂಚಿ ಉತ್ತರ ಕೊಟ್ಟರು: ಬೀಥೋವನ್‌ಗೆ ಕಿವುಡು ಬಂದ ಮೇಲೆ ವಾದ್ಯಗಳ ನಿಜವಾದ ನಾದದೊಡನೆ ಅವರ ನಂಟು ಕಡಿದಿತ್ತು, ಅಂದಿನ ಹಿತ್ತಾಳೆ ವಾದ್ಯಗಳಿಗೆ ಎಲ್ಲ ಸ್ವರಗಳೂ ಎಟುಕುತ್ತಿರಲಿಲ್ಲ, ಆದ್ದರಿಂದ ಅವರ ಮನಸ್ಸಿನಲ್ಲಿದ್ದುದನ್ನು ಕೇಳಿಸುವುದೇ ಈ ಬದಲಾವಣೆಗಳ ಉದ್ದೇಶ ಎಂಬುದು ಅದರ ಸಾರ. ಈ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೆ ಬರೆದದ್ದು ಕಿವಿಗೆ ಬೀಳುವವರೆಗೆ ಸಂಯೋಜಕನ ಕೆಲಸ ಅರ್ಧವೇ ಎಂಬ ಅವರ ನಿಲುವು ಇಲ್ಲಿ ಅತ್ಯಂತ ಸ್ಪಷ್ಟವಾಗಿದೆ.

ಸ್ವಂತ ಕೊನೆಯ ಕೃತಿಗಳ ವಿಷಯದಲ್ಲಿ ಅವರಿಗೆ ಆ ಅವಕಾಶ ಸಿಗಲಿಲ್ಲ. 1910ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಗಾಯಕ-ವಾದಕರನ್ನು ಕೂಡಿಸಿ ಎಂಟನೆಯ ಸಿಂಫೊನಿಯನ್ನು ತಾವೇ ನಡೆಸಿದ ಮಾಲರ್, 1911ರ ಮೇ 18ರಂದು ವಿಯೆನ್ನಾದಲ್ಲಿ ತೀರಿಕೊಂಡರು. ಗಾಯಕರು ಮತ್ತು ವಾದ್ಯವೃಂದಕ್ಕಾಗಿ ಅವರು ಬರೆದ ‘ಭೂಮಿಯ ಹಾಡು’ ಅದೇ ವರ್ಷದ ನವೆಂಬರ್‌ನಲ್ಲಿ, ಒಂಬತ್ತನೆಯ ಸಿಂಫೊನಿ ಮರುವರ್ಷದ ಜೂನ್‌ನಲ್ಲಿ, ಅವರ ಕೈಕೆಳಗೆ ಪಳಗಿದ್ದ ಬ್ರೂನೊ ವಾಲ್ಟರ್ ನಿರ್ದೇಶನದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡವು. ಕಂಡಕ್ಟರ್ ಮಾಲರ್ ತಾಲೀಮಿನಲ್ಲಿ ಎಂದೂ ತಿದ್ದದ ಸ್ಕೋರ್‌ಗಳು ಇವು. ಇವನ್ನು ನುಡಿಸುವವರು ನಾದದ ತೂಕವನ್ನು ತಮ್ಮ ತಾಲೀಮಿನಲ್ಲಿ ತಾವೇ ಕಂಡುಕೊಳ್ಳಬೇಕಾಗುತ್ತದೆ.