ಲೌಂಜ್ ಆಮೇಲೆ ನೋಡೋಣ, ಟಾಯ್ಲೆಟ್ ಎಲ್ಲಿ ಹೇಳಿ

ಇಲ್ಲಿ ಇಂಗ್ಲೆಂಡಲ್ಲಿ ಗ್ಲೈಡಿಂಗ್ ಕ್ಲಬ್‌ಗಳಿಗೆ (ಎಂಜಿನ್ ಇಲ್ಲದ ವಿಮಾನ ಹಾರಿಸೋರ ಕ್ಲಬ್) ಕಟ್ಟಡದ ಪ್ಲಾನ್ ಹಾಕೋ ಕೆಲಸ ಆಗಾಗ ಬರುತ್ತೆ ನಂಗೆ. ಕಮಿಟಿಯವರು ಡನ್‌ಸ್ಟೆಬಲ್ ಊರಿನ ಕ್ಲಬ್‌ಹೌಸ್ ಫೋಟೋ ಹಿಡ್ಕೊಂಡೇ ಬರ್ತಾರೆ, ನಮಗೂ ಇಂಥ ಗಾಜಿನ ಲೌಂಜ್ ಬೇಕು ಅಂತ. ಲಂಡನ್ ಗ್ಲೈಡಿಂಗ್ ಕ್ಲಬ್‌ಗೆ 1930ರ ದಶಕದಲ್ಲಿ ಕಿಟ್ ನಿಕಲ್ಸನ್ ಅನ್ನೋ ಆರ್ಕಿಟೆಕ್ಟ್ ಮಾಡಿದ ಕಟ್ಟಡ ಅದು, ಚೆನ್ನಾಗಿದೆ, ಬಾಯಿ ಬಿಟ್ಕೊಂಡು ನೋಡಿದೀನಿ. ಆದ್ರೆ ಆ ಪುಣ್ಯಾತ್ಮ ತಾನೇ ಗ್ಲೈಡರ್ ಹಾರಿಸ್ತಿದ್ದ (1948ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಗ್ಲೈಡರ್ ಅಪಘಾತದಲ್ಲೇ ಹೋದ), ಮೇಲಾಗಿ ಅಲ್ಲಿ ಎದುರಿಗೇ ಗುಡ್ಡ ಇದೆ, ಪಶ್ಚಿಮದ ಗಾಳಿ ಬಂದ್ರೆ ಗ್ಲೈಡರ್‌ಗಳು ಅದರ ಉದ್ದಕ್ಕೇ ಓಡಾಡ್ತವೆ. ನಿಮ್ಮದು ಬಯಲು ಸ್ವಾಮಿ, ಗಾಜಿನಾಚೆ ಕಾಣೋದು ಪಕ್ಕದವನ ಕುರಿ.

ಲಾಂಚ್ ಪಾಯಿಂಟ್‌ನಲ್ಲಿ, ಅಂದ್ರೆ ಗ್ಲೈಡರ್ ಮೇಲೇರೋ ಜಾಗದಲ್ಲಿ, ಟಾಯ್ಲೆಟ್ ಎಲ್ಲಿ ಅಂತ ಕೇಳಿದ್ರೆ "ಕ್ಲಬ್‌ಹೌಸಲ್ಲಿ ಇದ್ಯಲ್ಲ" ಅಂತಾರೆ. ಕೇಬಲ್ ಸುತ್ತಿ ಗ್ಲೈಡರನ್ನ ಎಳೆದು ಮೇಲಕ್ಕೇರಿಸೋ ಯಂತ್ರ, ವಿಂಚ್, ಇರೋದು ಫೀಲ್ಡಿನ ಗಾಳಿ ಬರೋ ಕಡೆ ತುದಿಯಲ್ಲಿ, ಗ್ಲೈಡರ್‌ಗಳು ಜನ ಎಲ್ಲಾ ಇನ್ನೊಂದು ತುದಿಯಲ್ಲಿ, ನಡುವೆ ಕೇಬಲ್ಲು ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಗಾಳಿ ತಿರುಗಿದ್ರೆ ಎರಡೂ ಅದಲು ಬದಲು. ಕಟ್ಟಡ ತಿರುಗಲ್ಲ! ನಡುವೆ ನುಗ್ಗಿ ಹೋಗೋಣ ಅಂದ್ರೆ ಕೇಬಲ್ ಇದೆ, ಇಳಿಯೋ ಗ್ಲೈಡರ್ ಇದೆ, ಫೀಲ್ಡ್ ಸುತ್ತಿ ಬರಬೇಕು. ಅಂದ್ರೆ ಹೆಚ್ಚುಕಮ್ಮಿ ಎರಡು ದಿನಕ್ಕೊಂದು ದಿನ ನಿಮ್ಮ ಟಾಯ್ಲೆಟ್ಟು ತಪ್ಪು ತುದಿಯಲ್ಲೇ ಇರುತ್ತೆ, ಇದನ್ನ ಪ್ರತೀ ಮೀಟಿಂಗಲ್ಲೂ ಪೇಪರ್ ಮೇಲೆ ಬಾಣ ಹಾಕಿ ತೋರಿಸ್ತೀನಿ, ಹೂಂ ಅಂತಾರೆ, ಆಮೇಲೆ ಬಾರ್ ಕೌಂಟರ್‌ಗೆ ಯಾವ ಮರ ಅಂತ ಕೇಳ್ತಾರೆ.

ಕಲಿಯೋರಿಗೆ ವಿಂಚ್‌ನಲ್ಲಿ ಒಂದು ಹಾರಾಟ ಅಂದ್ರೆ ಐದಾರು ನಿಮಿಷ, ಅಂಥವು ದಿನಕ್ಕೆ ಮೂರು ಸಿಕ್ಕರೆ ಅದೃಷ್ಟ. ಮಿಕ್ಕ ಹೊತ್ತೆಲ್ಲಾ ಗ್ಲೈಡರ್ ತಳ್ಳೋದು, ರೆಕ್ಕೆ ತುದಿ ಹಿಡಿಯೋದು, ಲಾಗ್ (ಹಾರಾಟಗಳ ಲೆಕ್ಕ) ಬರೆಯೋದು, ಕಾಯೋದು. ಅವರು ದುಡ್ಡು ಕೊಟ್ಟು ಸೇರಿರೋದು ಹೆಚ್ಚುಕಮ್ಮಿ ಕಾಯೋಕೇ.

ಒಂದು ಕ್ಲಬ್ಬಲ್ಲಿ ಲಾಗ್ ಬರೀತಿದ್ದ ರಿಟೈರ್ಡ್ ಟೀಚರಮ್ಮ ಒಬ್ರು ಟೀ ಕೊಟ್ರೆ ಬೇಡ ಬೇಡ ಅಂತಿದ್ರು. ಇಷ್ಟ ಇಲ್ವೇನೋ ಅಂದ್ಕೊಂಡೆ. ಸಂಜೆ ಕ್ಲಬ್‌ಹೌಸಿಗೆ ಬಂದ ಮೇಲೆ ಮೂರು ಕಪ್ ಒಟ್ಟಿಗೇ ಕುಡಿದ್ರು, ಬೆಳಗ್ಗೆಯಿಂದ ಒಂದು ತೊಟ್ಟು ನೀರೂ ಮುಟ್ಟಿರಲಿಲ್ಲ. ಕಮಿಟಿಯ ಗಂಡಸ್ರು ಯಾರಿಗೂ ಇದು ಗೊತ್ತೇ ಇರಲಿಲ್ಲ, ಅವರಿಗೆ ಬೇಲಿ ಇದೆಯಲ್ಲ.

ಅಲ್ಲಿ ಲೌಂಜ್ ಕಟ್ಟೋದನ್ನ ಆಮೇಲೆ ನೋಡೋಣ ಅಂತ ಒಪ್ಪಿಸಿ ಹಳೇ ಕಾರವಾನ್ ಒಂದಕ್ಕೆ ಟಾಯ್ಲೆಟ್ಟು, ಬೆಂಚು, ಕುಡಿಯೋ ನೀರು ಕೂರಿಸಿದ್ವಿ, ಗಾಳಿ ತಿರುಗಿದಾಗ ಟ್ರ್ಯಾಕ್ಟರ್ ಎಳ್ಕೊಂಡು ಹೋಗುತ್ತೆ. ಎಲ್ಲಾ ಕಡೆ ಇದೇ ಸರಿ ಅಂತಲ್ಲ, ಟ್ಯಾಂಕ್ ಖಾಲಿ ಮಾಡೋಕೆ ಒಂದು ಜಾಗ ಬೇಕು, ಗ್ಲೈಡರ್ ಇಳಿಯೋ ದಾರಿಗೆ ಅಡ್ಡ ಆಗಬಾರದು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ನಿಮ್ಮ ಇನ್‌ಸ್ಟ್ರಕ್ಟರೇ ಹೇಳಬೇಕು, ನಾನಲ್ಲ.

ಪುಣೆ ಹತ್ರ ಹಡಪ್ಸರ್‌ನಲ್ಲಿ ಗ್ಲೈಡಿಂಗ್ ನೋಡಿ ಬಂದ ನಮ್ಮ ಭಾವ ಫೋನಲ್ಲಿ ಕೇಳಿದ್ರು, ನಮ್ಮೂರ ಕಡೆ ಒಂದು ಶುರು ಮಾಡೋದಾದ್ರೆ ಮೊದಲು ಏನು ಬೇಕೋ ಅಂತ. ನೆರಳು ಅಂದೆ. ಶೀಟ್ ಹಾಕಿಸಿದ್ರೆ ಆಯ್ತಲ್ಲ ಅಂದ್ರು. ಅದಕ್ಕೂ ಚಕ್ರ ಹಾಕ್ಸಿ ಭಾವ.