ಒಂದು ಸ್ಕ್ರೂ ಹಾಕೂದಕ್ಕ ಇಷ್ಟೆಲ್ಲಾ ಪರೀಕ್ಷೆ ಯಾಕ್ರೀ?

ಪ್ರಶ್ನೆ: ಸರ್, ನಮ್ಮೂರು ಮುಧೋಳ ಹತ್ರ. ಅವ್ವಗ 58 ವರ್ಷ. ಕೆಳಗ ಬಲಗಡಿ ಎರಡು ದವಡಿ ಹಲ್ಲು ಕೀಳಿಸಿ ನಾಲ್ಕು ವರ್ಷ ಆತು. ಶುಗರ್ ಐತಿ, ಗುಳಗಿ ತಗೊಂತಾಳ. ಎಲಿ-ಅಡಕಿ ಜೋಡಿ ತಂಬಾಕ ಹಾಕೋ ರೂಢಿನೂ ಐತಿ. ಒಂದು ಕಡೆ “ಇವತ್ತ ಇಂಪ್ಲಾಂಟ್ ಕುಂದ್ರಸ್ತೀವಿ” ಅಂದ್ರು. ಇನ್ನೊಂದು ಕಡೆ ಸ್ಕ್ಯಾನ್, ರಕ್ತ ಪರೀಕ್ಷೆ, ಹಲ್ಲಿನ ಅಚ್ಚು, ಮೊದಲ ಒಸಡಿನ ಇಲಾಜು ಅಂತ ಹೇಳಿ ಮುಂದಕ್ಕ ಹಾಕಿದ್ರು. ಒಂದು ಸ್ಕ್ರೂ ಹಾಕೂದಕ್ಕ ಇಷ್ಟೆಲ್ಲಾ ಬೇಕಾ, ಇಲ್ಲಾ ರೊಕ್ಕ ಎಳಿಯೂದಾ?

ಉತ್ತರ: ಎರಡನೇ ಡಾಕ್ಟರ್ ಕೇಳಿದ್ದರಲ್ಲಿ ಯಾವುದೂ ಹೆಚ್ಚಿನದಲ್ಲ ತಂಗಿ. ಬಾಗಲಕೋಟೆಯಲ್ಲಿ ನನ್ನ ಹತ್ತಿರ ಬರುವವರಲ್ಲೂ ಬಹಳ ಮಂದಿ ಇದೇ ಮಾತು ಕೇಳುತ್ತಾರೆ. ನಿಮ್ಮ ಅವ್ವನವರಿಗೆ ಬೇಕಾದದ್ದು ರೊಟ್ಟಿ ಅಗಿಯುವ ಹಲ್ಲು. ಆ ಹಲ್ಲು ಎಲ್ಲಿ ನಿಲ್ಲಬೇಕು, ಮೇಲಿನ ಹಲ್ಲಿಗೆ ಹೇಗೆ ತಾಗಬೇಕು ಅನ್ನುವುದು ಮೊದಲು ತೀರ್ಮಾನವಾಗಬೇಕು. ಅದರ ಬುಡವಾಗಿ ಟೈಟೇನಿಯಂ ಲೋಹದ ಸ್ಕ್ರೂ, ಅಂದರೆ ಇಂಪ್ಲಾಂಟ್, ಎಲುಬಿನೊಳಗೆ ಎಲ್ಲಿ ಇಳಿಯಬೇಕು ಅನ್ನುವುದು ಆಮೇಲಿನ ಮಾತು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಓದು ಮುಗಿಸಿದ ಹೊಸತರಲ್ಲಿ ಒಬ್ಬ ರೈತರಿಗೆ ಎಲುಬು ಎಲ್ಲಿ ದಪ್ಪ ಕಂಡಿತೋ ಅಲ್ಲೇ ಇಂಪ್ಲಾಂಟ್ ಇಳಿಸಿದೆ. ಮೂರು ತಿಂಗಳಲ್ಲಿ ಗಟ್ಟಿಯಾಗಿ ಹಿಡಿಯಿತು, ಖುಷಿಪಟ್ಟೆ. ಅದರ ಮೇಲೆ ಕೂರಿಸುವ ಹಲ್ಲು, ಅಂದರೆ ಕ್ಯಾಪ್, ಮಾಡಲು ಕೂತಾಗ ನೋಡಿದರೆ ಅದು ನಾಲಿಗೆ ಕಡೆ ವಾಲಿದೆ. ಮೇಲಿನ ಹಲ್ಲಿಗೆ ತಾಗಿಸಬೇಕೆಂದು ಕ್ಯಾಪನ್ನು ಕೆನ್ನೆ ಕಡೆಗೆ ಸಜ್ಜದ ಹಾಗೆ ಚಾಚಿ ಮಾಡಬೇಕಾಯಿತು. ಅದರ ಕೆಳಗೆ ಊಟ ಸಿಕ್ಕಿಕೊಂಡು ಒಸಡು ಮೇಲಿಂದ ಮೇಲೆ ಬಾತುಕೊಳ್ಳುತ್ತಿತ್ತು. ಅವರು ಬಂದಾಗಲೆಲ್ಲ ನನಗೆ ಸಂಕಟ. ಅಲ್ಲಿಂದ ಇಲ್ಲಿಯವರೆಗೆ ಅಚ್ಚು ತೆಗೆಯದೆ, ಅದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸಿ ನೋಡದೆ ಯಾರಿಗೂ ಇಂಪ್ಲಾಂಟ್ ಹಾಕಿಲ್ಲ.

ನಿಮ್ಮ ಅವ್ವನವರಿಗಂತೂ ಅಚ್ಚು ಬೇಕೇ ಬೇಕು. ಹಲ್ಲು ಹೋಗಿ ನಾಲ್ಕು ವರ್ಷ ಖಾಲಿ ಬಿಟ್ಟ ಜಾಗ ಹಾಗೇ ಉಳಿದಿರುವುದಿಲ್ಲ. ಎದುರು ಆಸರೆ ಇಲ್ಲದ್ದಕ್ಕೆ ಮೇಲಿನ ದವಡೆ ಹಲ್ಲು ನಿಧಾನಕ್ಕೆ ಕೆಳಗೆ ಜಾರುತ್ತದೆ, ಹಿಂದೆ ಹಲ್ಲಿದ್ದರೆ ಅದು ಮುಂದಕ್ಕೆ ವಾಲುತ್ತದೆ. ಕೆಳಗಿನ ಒಸಡಿನಿಂದ ಮೇಲಿನ ಹಲ್ಲಿನವರೆಗೆ 7–8 ಮಿ.ಮೀ. ಎತ್ತರ ಸಿಕ್ಕರೆ ಕ್ಯಾಪ್ ಸಲೀಸಾಗಿ ಕೂರುತ್ತದೆ. ಅಷ್ಟಿಲ್ಲದಿದ್ದರೆ ಮೊದಲು ಮೇಲಿನ ಹಲ್ಲನ್ನು ಸರಿಮಾಡಬೇಕು. ಉದ್ದಕ್ಕೂ ಲೆಕ್ಕವಿದೆ. ಇಂಪ್ಲಾಂಟಿಗೂ ಪಕ್ಕದ ಹಲ್ಲಿಗೂ ನಡುವೆ ಕನಿಷ್ಠ 1.5 ಮಿ.ಮೀ., ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿ.ಮೀ. ಎಲುಬು ಬಿಡಬೇಕು. ಹಿಂದೆ ಮುಂದೆ ಹಲ್ಲಿದ್ದು ನಡುವೆ 4 ಮಿ.ಮೀ. ದಪ್ಪದ ಎರಡು ಇಂಪ್ಲಾಂಟ್ ಹಾಕಬೇಕೆಂದರೆ 14 ಮಿ.ಮೀ. ಜಾಗ ಇರಲೇಬೇಕು. ಇದು ಬಾಯೊಳಗೆ ಇಣುಕಿ ನೋಡಿ ಹೇಳುವ ಮಾತಲ್ಲ, ಅಚ್ಚನ್ನು ಕೈಯಲ್ಲಿ ಹಿಡಿದು ಅಳೆಯುವ ಮಾತು.

ಇನ್ನು ಸ್ಕ್ಯಾನ್. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ದವಡೆಯ ಏಣು ಅಗಲದಲ್ಲಿ ಅರ್ಧದಷ್ಟು ಕರಗಿಬಿಡಬಹುದು. ಮೇಲೆ ಒಸಡು ದಪ್ಪಗಿದ್ದರೆ ಒಳಗೆ ಎಲುಬು ಚಾಕುವಿನ ಅಂಚಿನಷ್ಟು ತೆಳುವಾದದ್ದು ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಒಪಿಜಿ ಎಂಬ ಉದ್ದನೆಯ ಎಕ್ಸ್‌ರೇ ಎಲುಬಿನ ಎತ್ತರ ತೋರಿಸುತ್ತದೆ, ಅದೂ ಸ್ವಲ್ಪ ಹಿಗ್ಗಿಸಿ. ದಪ್ಪ ತೋರಿಸುವುದಿಲ್ಲ. ಅದಕ್ಕೇ ದವಡೆಯನ್ನು ಎಲ್ಲ ದಿಕ್ಕಿನಿಂದಲೂ ತೋರಿಸುವ ಸಿಬಿಸಿಟಿ ಸ್ಕ್ಯಾನ್. ಕೆಳದವಡೆಯೊಳಗೆ ತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಕೊಡುವ ನರ ಒಂದು ಕೊಳವೆಯಲ್ಲಿ ಹರಿಯುತ್ತದೆ. ಇಂಪ್ಲಾಂಟಿನ ತುದಿ ಅದರಿಂದ 2 ಮಿ.ಮೀ. ಮೇಲೇ ನಿಲ್ಲಬೇಕು. ನರಕ್ಕೆ ಪೆಟ್ಟಾದರೆ ತುಟಿ ತಿಂಗಳುಗಟ್ಟಲೆ, ಕೆಲವರಿಗೆ ಕಾಯಂ ಆಗಿ, ಜೋಮು ಹಿಡಿದ ಹಾಗಿರುತ್ತದೆ. ಚಹಾ ಕುಡಿದರೆ ಬಾಯಂಚಿನಿಂದ ಸೋರಿದ್ದೂ ತಿಳಿಯುವುದಿಲ್ಲ. ಸ್ಕ್ಯಾನಿನ ರೊಕ್ಕ ಉಳಿಸಲು ಹೋಗಿ ಈ ಅಪಾಯ ಮೈಮೇಲೆ ಎಳೆದುಕೊಳ್ಳಬೇಡಿ.

ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಪರೀಕ್ಷೆ 7ರ ಆಸುಪಾಸು ಬಂದರೆ ಶುಗರ್ ಇದ್ದವರಿಗೂ ಧೈರ್ಯವಾಗಿ ಮುಂದುವರಿಯಬಹುದು. 8 ದಾಟಿದ್ದರೆ ನಾನು ನಿಲ್ಲಿಸಿ, ಶುಗರ್ ಡಾಕ್ಟರ್ ಹತ್ತಿರ ಕಳಿಸುತ್ತೇನೆ. ಗಾಯ ಮಾಯುವುದೂ ಎಲುಬು ಬೆಳೆಯುವುದೂ ಅದರ ಮೇಲೆ ನಿಂತಿದೆ. ಇನ್ನೊಂದು ಮಾತು ಹೆಂಗಸರು ಹೇಳುವುದನ್ನು ಮರೆಯುತ್ತಾರೆ: ಎಲುಬು ಸವೆತಕ್ಕೆಂದು ವರ್ಷಕ್ಕೊಂದು ಅಥವಾ ಆರು ತಿಂಗಳಿಗೊಂದು ಇಂಜೆಕ್ಷನ್, ವಾರಕ್ಕೊಂದು ಗುಳಿಗೆ ತಗೊಂಡಿದ್ದರೆ ತಪ್ಪದೆ ಹೇಳಿ. ಅಂಥ ಕೆಲವು ಔಷಧಿ ತಗೊಂಡವರಲ್ಲಿ ದವಡೆಯ ಗಾಯ ಮಾಯದೆ ಎಲುಬು ಸತ್ತುಹೋಗುವ ಸಂಭವವಿದೆ. ಕತ್ತು-ಮುಖಕ್ಕೆ ರೇಡಿಯೇಶನ್ ಆಗಿದ್ದರೂ ಹೇಳಬೇಕು. ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನೇ ಕೇಳಿ.

ಈಗ ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸಿದ ಸಂಗತಿ, ಎಲೆ-ಅಡಕೆ-ತಂಬಾಕು. ನಿಮ್ಮ ಅವ್ವನವರಿಗೆ ಅವರದೇ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಡಲು ಹೇಳಿ ನೋಡಿ. ಹೋಗದಿದ್ದರೆ ಅಡಕೆಯಿಂದ ಕೆನ್ನೆಯ ಒಳಪದರ ಬಿಗಿಯುತ್ತಿದೆ ಎಂಬ ಅನುಮಾನ ಬರಬೇಕು. ಹಿಂದಿನ ಹಲ್ಲಿನ ಜಾಗಕ್ಕೆ ಉದ್ದನೆಯ ಡ್ರಿಲ್ ನೆಟ್ಟಗೆ ನಿಲ್ಲಲು ಬಾಯಿ ಚೆನ್ನಾಗಿ ತೆರೆಯಬೇಕು. ತಂಬಾಕು ಇಡುವ ಜಾಗದಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಇಂಪ್ಲಾಂಟ್ ಮಾತು ಪಕ್ಕಕ್ಕಿಟ್ಟು ಮೊದಲು ಅದನ್ನು ಪರೀಕ್ಷೆ ಮಾಡಿಸಬೇಕು. ಬಾಗಲಕೋಟೆಯ ಪಿ.ಎಂ.ಎನ್.ಎಂ., ವಿಜಯಪುರದ ಅಲ್-ಅಮೀನ್, ಬೆಳಗಾವಿಯ ಕೆ.ಎಲ್.ಇ. ದಂತ ಕಾಲೇಜುಗಳಲ್ಲಿ ತೋರಿಸಬಹುದು, ಎರಡನೇ ಅಭಿಪ್ರಾಯವನ್ನೂ ಅಲ್ಲೇ ಕೇಳಬಹುದು. ನಾನಾದರೆ ತಂಬಾಕು ಬಿಡುವವರೆಗೂ ಕಾಯುತ್ತೇನೆ. ನಲವತ್ತು ವರ್ಷದ ರೂಢಿ ಬಿಡುವುದು ಎಷ್ಟು ಕಷ್ಟ ಅಂತ ಗೊತ್ತು. ಆದರೂ ಹಲ್ಲಿನ ನೆಪದಲ್ಲಿ ಬಿಟ್ಟವರನ್ನು ನೋಡಿದ್ದೇನೆ.

ಒಸಡಿನ ಇಲಾಜು ಮೊದಲೇಕೆ ಅಂದರೆ, ಆ ಎರಡು ಹಲ್ಲು ಹೋದದ್ದು ಹುಳುಕಿನಿಂದಲೋ ಸಡಿಲಾಗಿಯೋ ಅನ್ನುವುದು ಮುಖ್ಯ. ಸಡಿಲಾಗಿ ಹೋಗಿದ್ದರೆ ಆ ಕೀವಿನ ರೋಗಾಣು ಉಳಿದ ಹಲ್ಲುಗಳ ಬುಡದಲ್ಲಿ ಇನ್ನೂ ಕೂತಿರುತ್ತದೆ. ನಾಳೆ ಇಂಪ್ಲಾಂಟಿನ ಬುಡಕ್ಕೂ ಅದೇ ಇಳಿಯಬಹುದು.

ಒಂದೇ ದಿನದಲ್ಲಿ ಹಾಕುವುದು ಸುಳ್ಳೇನಲ್ಲ. ಎಲುಬು ಗಟ್ಟಿಯಿದ್ದು, ಸೋಂಕು ಇಲ್ಲದೆ, ಅಗಿಯುವ ಭಾರ ಕಡಿಮೆ ಬೀಳುವ ಮುಂದಿನ ಹಲ್ಲಿಗೆ ಕೆಲವೊಮ್ಮೆ ಮಾಡುತ್ತೇವೆ. ನೀವು ಹೇಳಿದ ಸ್ಥಿತಿಯಲ್ಲಿ, ಪರೀಕ್ಷೆ ಇಲ್ಲದೆ, ನಾನು ಒಪ್ಪುವುದಿಲ್ಲ. ಟೈಟೇನಿಯಂ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆ ಅನ್ನುವುದನ್ನು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರಾನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ಕಂಡರು. 1965ರಲ್ಲಿ ಅವರು ಮೊದಲ ರೋಗಿಗೆ ಹಾಕಿದ ಇಂಪ್ಲಾಂಟ್‌ಗಳು 40 ವರ್ಷಕ್ಕೂ ಹೆಚ್ಚು ಬಾಳಿದವು. ಆ ಬೆಸುಗೆಗೆ ಕೆಳದವಡೆಯಲ್ಲಿ ಸುಮಾರು 3 ತಿಂಗಳು, ಎಲುಬು ಮೆತ್ತಗಿರುವ ಮೇಲ್ದವಡೆಯಲ್ಲಿ 4ರಿಂದ 6 ತಿಂಗಳು ಕೊಡುವುದು ಹಳೆಯ ರೂಢಿ. ಶುಗರ್ ಇದ್ದವರಿಗೆ ನಾನು ಈಗಲೂ ಅದನ್ನೇ ಹಿಡಿಯುತ್ತೇನೆ.

ಎರಡೂ ಹಲ್ಲು ಕಟ್ಟಿಸಲೇಬೇಕೆಂದೂ ಇಲ್ಲ. ಮುಂದಿನ ಒಂದು ದವಡೆ ಹಲ್ಲು ಬಂದರೆ ಅಗಿಯುವ ಕೆಲಸ ಬಹುಪಾಲು ನಡೆಯುತ್ತದೆ, ಖರ್ಚೂ ಇಳಿಯುತ್ತದೆ. ಇದನ್ನು ಡಾಕ್ಟರ್ ತಾವಾಗಿ ಹೇಳದಿದ್ದರೆ ನೀವೇ ಕೇಳಿ. ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕಟ್ಟುವ ಬ್ರಿಡ್ಜ್ ಆಗುತ್ತದಾ ಅಂದರೆ, ಹಿಂದೆ ಗಟ್ಟಿ ಹಲ್ಲಿದ್ದರೆ ಮಾತ್ರ, ಅದಕ್ಕೂ ಪಕ್ಕದ ಹಲ್ಲುಗಳನ್ನು ಅರೆಯಬೇಕು. ತೆಗೆದು ಹಾಕುವ ಸೆಟ್ ಎಲ್ಲಕ್ಕಿಂತ ಅಗ್ಗ. ಶುಗರ್ ಹತೋಟಿಗೆ ಬರುವವರೆಗೆ ಅದರಲ್ಲೇ ದಿನ ತೆಗೆಯಬಹುದು.

ಕಟಕ ರೊಟ್ಟಿ ತಿನ್ನಬಹುದಾ ಅಂತ ಅವ್ವ ಕೇಳಿಯೇ ಕೇಳುತ್ತಾರೆ. ಕ್ಯಾಪ್ ಕೂತ ಮೇಲೆ ತಿನ್ನಬಹುದು, ಆದರೆ ಮೊದಲ ಕೆಲವು ವಾರ ಸಾರಿನಲ್ಲಿ ನೆನೆಸಿದ್ದೇ ಇರಲಿ. ಸ್ವಂತ ಹಲ್ಲಿನ ಬೇರಿನ ಸುತ್ತ ಮೆತ್ತನೆಯ ನಾರಿನ ಪದರ ಇರುತ್ತದೆ, ಊಟದಲ್ಲಿ ಸಣ್ಣ ಕಲ್ಲು ಕಚ್ಚಿದರೆ ತಟ್ಟನೆ ತಿಳಿಯುವುದು ಅದರಿಂದ. ಇಂಪ್ಲಾಂಟಿಗೆ ಆ ಪದರ ಇಲ್ಲ, ಭಾರ ನೇರ ಎಲುಬಿಗೇ ಬೀಳುತ್ತದೆ. ಅದಕ್ಕೇ ಕ್ಯಾಪನ್ನು ತುಸು ಕಿರಿದಾಗಿ, ಹಗುರ ತಾಗುವಂತೆ ಮಾಡುತ್ತೇವೆ. ರಾತ್ರಿ ಹಲ್ಲು ಕಡಿಯುವ ರೂಢಿ ಅವರಿಗಿದ್ದರೆ ಅದನ್ನೂ ಮೊದಲೇ ತಿಳಿಸಿ.

ಹಾಕಿಸಿದ ದಿನ ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್ ಅಂಟಿಸಿದ ಕಾರ್ಡ್ ಕೇಳಿ ಇಸಿದುಕೊಳ್ಳಿ. ಕಂಪನಿ, ಅಳತೆ, ಲಾಟ್ ನಂಬರ್ ಅದರಲ್ಲಿರುತ್ತವೆ. ಒಂದೊಂದು ಕಂಪನಿಯ ಒಳ ಸ್ಕ್ರೂ ಒಂದೊಂದು ಥರ. ಹತ್ತು ವರ್ಷದ ಮೇಲೆ ಅದು ಸಡಿಲಾಗಿ, ಅವ್ವ ಆಗ ಪುಣೆಯಲ್ಲಿ ಮಗನ ಮನೆಯಲ್ಲಿದ್ದರೆ, ಅಲ್ಲಿನ ಡಾಕ್ಟರಿಗೆ ಯಾವ ಚಾವಿ ಹಾಕಬೇಕೆಂದು ಆ ಕಾರ್ಡ್ ಹೇಳುತ್ತದೆ.